ಗಾಳಿಯ ಲೆಕ್ಕ ತಪ್ಪಿದ ವಾರ

ಸಮುದ್ರ ಗಾಳಿಯಿಂದ ಎಷ್ಟು ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತದೆ ಎಂದು ಲೆಕ್ಕ ಹಾಕಲು ಹೊರಟಿದ್ದೇನೆ. ಕಳೆದ ಸಲ ಬರೆದಾಗ ಅದಕ್ಕೆ ಬೇಕಾದ ಫೈಲುಗಳು ಇನ್ನೂ ಇಳಿಯುತ್ತಿದ್ದವು. ಈಗ ಎಲ್ಲ ಬಂದಿವೆ: ಮೆಟ್‌ಆಪ್ ಹವಾಮಾನ ಉಪಗ್ರಹಗಳ ಆಸ್ಕ್ಯಾಟ್ ಎಂಬ ರೇಡಾರ್ ಅಳೆದ ಗಾಳಿ, ಸಮುದ್ರದ ಮೇಲ್ಮೈ ಉಷ್ಣತೆ, ಜೊತೆಗೆ ಹಡಗುಗಳ ಅಳತೆ ತುಂಬಿರುವ ಸೋಕ್ಯಾಟ್ ಎಂಬ ದತ್ತಾಂಶ ಸಂಗ್ರಹ. ಈ ಕೊನೆಯದು ಇಲ್ಲದೆ ಆಗುವುದಿಲ್ಲ, ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಉಪಗ್ರಹದ ಕಣ್ಣಿಗೆ ಬೀಳುವುದಿಲ್ಲವಲ್ಲ. ನಿಜ ಹೇಳಬೇಕೆಂದರೆ ಗಾಳಿಯೂ ನೇರವಾಗಿ ಬೀಳುವುದಿಲ್ಲ. ಗಾಳಿ ಎಬ್ಬಿಸಿದ, ಕೆಲವೇ ಸೆಂಟಿಮೀಟರ್ ಉದ್ದದ ಕಿರುಅಲೆಗಳಿಂದ ರೇಡಾರ್ ಸಂಕೇತ ಎಷ್ಟು ವಾಪಸು ಬಂತು ಎಂಬುದರಿಂದ ವೇಗ ಲೆಕ್ಕ ಹಾಕುವುದು.

ಸೂತ್ರ ಚಿಕ್ಕದು. ನೀರಿನಲ್ಲಿನ ಆಂಶಿಕ ಒತ್ತಡದಿಂದ (ಈ ಅನಿಲವೊಂದೇ ಹಾಕುವ ಒತ್ತಡ) ಗಾಳಿಯಲ್ಲಿನದನ್ನು ಕಳೆದು, ಬಂದ ವ್ಯತ್ಯಾಸವನ್ನು ಕರಗುವಿಕೆಯಿಂದಲೂ ವರ್ಗಾವಣೆ ವೇಗದಿಂದಲೂ (ಅನಿಲ ನೀರಿನ ಮೇಲ್ಮೈ ದಾಟುವ ವೇಗ) ಗುಣಿಸಬೇಕು. ಉತ್ತರ ಋಣವಾದರೆ ಅನಿಲ ಸಮುದ್ರದೊಳಕ್ಕೆ. (ಇದನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿದ್ದೇನೆ.) ವರ್ಗಾವಣೆ ವೇಗಕ್ಕೆ ಸಾಗರ ವಿಜ್ಞಾನಿ ವ್ಯಾನಿನ್‌ಕಾಫ್ ಅವರ 2014ರ ಸೂತ್ರ: 20 ಡಿಗ್ರಿಯ ಸಮುದ್ರದ ನೀರಿಗೆ, ಗಾಳಿಯ ವೇಗದ ವರ್ಗಕ್ಕೆ 0.251 ಪಟ್ಟು, ಗಂಟೆಗೆ ಸೆಂಟಿಮೀಟರ್‌ನಲ್ಲಿ.

ಉತ್ತರ ಅಟ್ಲಾಂಟಿಕ್‌ನ ಒಂದು ಚೌಕ ಓಡಿಸಿದೆ. ಚಳಿಗಾಲದ ಅಂಕಿಗಳು ಸಪ್ಪೆ. ಎರಡು ದಿನ ಉಷ್ಣತೆಯನ್ನು ಅನುಮಾನಿಸಿದೆ, ಮಾನಗಳನ್ನು ಅನುಮಾನಿಸಿದೆ. ತಪ್ಪು ಇದ್ದದ್ದು ನನ್ನ ಸೋಮಾರಿತನದಲ್ಲಿ: ಫೈಲು ಚಿಕ್ಕದೆಂದು ತಿಂಗಳ ಸರಾಸರಿ ಗಾಳಿ ಇಳಿಸಿಕೊಂಡು, ಅದನ್ನೇ ವರ್ಗ ಮಾಡಿದ್ದೆ. ಒಂದು ದಿನ ಸೆಕೆಂಡಿಗೆ 4 ಮೀಟರ್, ಮರುದಿನ 12 ಬೀಸಿತು ಎನ್ನಿ. ಸರಾಸರಿ 8, ವರ್ಗ 64. ಬೇರೆ ಬೇರೆಯಾಗಿ ವರ್ಗ ಮಾಡಿದರೆ 16 ಮತ್ತು 144, ಸರಾಸರಿ 80. ವರ್ಗಾವಣೆ ವೇಗ 16ರಿಂದ 20ಕ್ಕೆ ಜಿಗಿಯುತ್ತದೆ. ಬಿರುಗಾಳಿಯ ಒಂದು ದಿನ ಮಾಡುವ ಕೆಲಸವನ್ನು ಸರಾಸರಿ ಸದ್ದಿಲ್ಲದೆ ನುಂಗಿಹಾಕಿತ್ತು. ಗಾಳಿಯ ವೇಗ ರೇಲಿ ಹಂಚಿಕೆಯಂತಿದ್ದರೆ (ಗಾಳಿಯ ಏರಿಳಿತಕ್ಕೆ ಸಾಮಾನ್ಯವಾಗಿ ಬಳಸುವ ಸಂಖ್ಯಾಶಾಸ್ತ್ರದ ಮಾದರಿ) ಈ ಕೊರತೆ 1.27 ಪಟ್ಟಿನದು, ಕಡೆಗಣಿಸುವಂಥದ್ದಲ್ಲ. ಸರಾಸರಿಯಿಂದ ವರ್ಗವನ್ನು ಮರಳಿ ಪಡೆಯಲು ಬರುವುದಿಲ್ಲ, ಹಾಗಾಗಿ ದಿನವಾರು ಫೈಲುಗಳನ್ನು ಮೊದಲಿಂದ ಇಳಿಸಿಕೊಂಡೆ. ಡಿಸ್ಕ್ ತುಂಬುತ್ತ ಬಂತು.

ಈಗ ಚಳಿಗಾಲದ ತಿಂಗಳುಗಳು ಎದ್ದು ನಿಂತಿವೆ. ಆದರೆ ಉಷ್ಣತೆಯ ಮೇಲಿನ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ. ಹಡಗು ಕೆಲವು ಮೀಟರ್ ಕೆಳಗಿನ ನೀರನ್ನು ಎಳೆದು ಅಳೆಯುತ್ತದೆ. ಇನ್‌ಫ್ರಾರೆಡ್ ಉಪಗ್ರಹ ನೋಡುವುದು ಕೂದಲೆಳೆಗಿಂತ ತೆಳುವಾದ ಮೇಲ್ಪದರ. ನೀರಿನಲ್ಲಿನ ಆಂಶಿಕ ಒತ್ತಡ ಡಿಗ್ರಿಗೆ ಶೇ. 4.23ರಷ್ಟು ಏರುತ್ತದೆ. 380 ಮೈಕ್ರೋಅಟ್ಮಾಸ್ಫಿಯರ್ ಇರುವಲ್ಲಿ ಅರ್ಧ ಡಿಗ್ರಿ ಆಚೀಚೆಯಾದರೆ 8 ಕೈತಪ್ಪುತ್ತದೆ. ಗಾಳಿಗೂ ನೀರಿಗೂ ಇರುವ ವ್ಯತ್ಯಾಸವೇ 25 ಆಗಿದ್ದರೆ ಅದು ಸುಮಾರು ಮೂರರಲ್ಲೊಂದು ಪಾಲು. ಹಡಗಿನ ಅಳತೆಗಳನ್ನೆಲ್ಲ ಒಂದೇ ಆಳದ ಉಷ್ಣತೆಗೆ ತರುವ ಕೋಡ್ ಅರ್ಧ ಆಗಿದೆ. ಜನವರಿ ಒಂದನ್ನೇ ಮೊದಲು ಓಡಿಸಿ ನೋಡುತ್ತೇನೆ.