ಎರಡೂವರೆ ಅಡಿ ಬಾಗಿಲು

ಹದಿನೆಂಟು ವರ್ಷದಿಂದ ದಾವಣಗೆರೆಯಲ್ಲಿ ಮನೆ ಪ್ಲಾನ್ ಹಾಕಿಕೊಡುತ್ತಿದ್ದೇನೆ. ವಿದ್ಯಾನಗರ, ನಿಟ್ಟುವಳ್ಳಿ, ವಿನೋಬನಗರ, ಎಲ್ಲ ಕಡೆ ನನ್ನ ಕೈಯ ಮನೆಗಳಿವೆ. ಬಾತ್‌ರೂಮ್ ಬಾಗಿಲು ಬಂತೆಂದರೆ ಕೈ ತಾನಾಗೇ ಎರಡೂವರೆ ಅಡಿ ಅಂತ ಬರೆಯುತ್ತಿತ್ತು. ಯಾಕೆ ಎರಡೂವರೆ? ಯಾರೂ ಕೇಳಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಅವ್ವ ಅಡುಗೆಮನೆಯಲ್ಲಿ ಜಾರಿ ಬಿದ್ದಳು. ತೊಡೆ ಮೂಳೆ ಮುರಿಯಿತು. ಆ ಟೈಲ್ಸ್ ಆರಿಸಿದ್ದು ನಾನೇ. ಕನ್ನಡಿ ಥರ ಹೊಳೆಯುವ ವಿಟ್ರಿಫೈಡ್. ಗೃಹಪ್ರವೇಶಕ್ಕೆ ಬಂದವರೆಲ್ಲ ಹೊಗಳಿದ್ದರು. ಅವ್ವ ಮಾತ್ರ ಅವತ್ತೇ ಅಂದಿದ್ದಳು, "ಹಳೇ ಮನಿ ಕಡಪ ಕಲ್ಲೇ ಚೆನ್ನಾಗಿತ್ತು ಕಣಪ್ಪ, ಕಾಲು ಹಿಡೀತಿತ್ತು."

ಆಪರೇಷನ್ ಆಯಿತು. ಬಾಡಿಗೆಗೆ ಒಂದು ವೀಲ್‌ಚೇರ್ ತಂದೆ. ಅವ್ವನನ್ನು ಕೂರಿಸಿಕೊಂಡು ಬಾತ್‌ರೂಮ್ ತನಕ ತಳ್ಳಿಕೊಂಡು ಹೋದರೆ, ಢಬ್ ಅಂತ ಚೌಕಟ್ಟಿಗೆ ತಗುಲಿ ನಿಂತಿತು. ಟೇಪ್ ಹಿಡಿದು ಅಳೆದೆ. ಎರಡೂವರೆ ಅಡಿ ಅಂದರೆ 30 ಇಂಚು. ಆದರೆ ಅದು ಚೌಕಟ್ಟಿನ ಹೊರಗಿನ ಅಳತೆ. ಎರಡೂ ಕಡೆ ಮರ ತಲಾ ಎರಡೂವರೆ ಇಂಚು ತಿನ್ನುತ್ತದೆ. ಉಳಿದಿದ್ದು 25. ವೀಲ್‌ಚೇರ್ 26. ಒಂದು ಇಂಚು!

ಹತ್ತು ದಿನ ಅವ್ವನನ್ನು ಎತ್ತಿಕೊಂಡೇ ಒಳಗೆ ಬಿಡುತ್ತಿದ್ದೆ. ಭಾರ ಏನೂ ಇರಲಿಲ್ಲ ಬಿಡಿ, ಒಣಗಿದ ಕಡ್ಡಿ ಥರ ಆಗಿದ್ದಳು. ಆದರೆ ಎತ್ತುವಾಗಲೆಲ್ಲ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದಳು. ಸಂಜೆ ನೀರು ಕುಡಿಯುವುದನ್ನೇ ಬಿಟ್ಟಳು. ರಾತ್ರಿ ನನ್ನನ್ನು ಎಬ್ಬಿಸಬೇಕಾಗುತ್ತದಲ್ಲ, ಅದಕ್ಕೆ.

ಆ ದಿನಗಳಲ್ಲೇ ರೊನಾಲ್ಡ್ ಮೇಸ್ ಬಗ್ಗೆ ಓದಿದ್ದು. ಅಮೆರಿಕದ ಆರ್ಕಿಟೆಕ್ಟ್. ಚಿಕ್ಕವನಿದ್ದಾಗ ಪೋಲಿಯೊ ಬಂದು ವೀಲ್‌ಚೇರ್ ಹಿಡಿದಿದ್ದ. ಕಾಲೇಜಿನಲ್ಲಿ ಅವನನ್ನು ಮೆಟ್ಟಿಲ ಮೇಲೆ ಎತ್ತಿಕೊಂಡು ಹೋಗಬೇಕಿತ್ತಂತೆ, ಶೌಚಾಲಯದೊಳಗೆ ಕುರ್ಚಿ ಹಿಡಿಯುತ್ತಿರಲಿಲ್ಲವಂತೆ. ಎಲ್ಲರಿಗೂ ಆಗುವಂತೆ ಮೊದಲೇ ಕಟ್ಟುವುದಕ್ಕೆ 'ಯೂನಿವರ್ಸಲ್ ಡಿಸೈನ್' ಅಂತ ಹೆಸರಿಟ್ಟವನು ಅವನೇ. 1997ರಲ್ಲಿ ಅವನೂ ಜೊತೆಗಾರರೂ ಸೇರಿ ಅದಕ್ಕೆ ಏಳು ಸೂತ್ರ ಬರೆದರು. ನಮ್ಮಲ್ಲೂ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಇದೆ, ಸರ್ಕಾರದ ಮಾರ್ಗಸೂಚಿ ಇದೆ. ಬಾಗಿಲು 900 ಮಿಲಿಮೀಟರ್ ಬಿಡಬೇಕು, ಒಂದು ಅಡಿ ಏರಲು 12 ಅಡಿ ಇಳಿಜಾರು ಬೇಕು ಅಂತೆಲ್ಲ. ಇವು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದು ಆಫೀಸು, ಆಸ್ಪತ್ರೆಗೆ ಸೇರಿದ್ದು, ಮನೆಗೆ ಯಾಕೆ ಅಂದುಕೊಂಡಿದ್ದೆ.

ಈ 12 ಅಡಿಯ ಲೆಕ್ಕ ನಮ್ಮೂರಲ್ಲಿ ಕಷ್ಟ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬೀಳುತ್ತದೆ. ಮಳೆ ನೀರು ಒಳಗೆ ನುಗ್ಗುತ್ತದೆ ಅಂತ ಜನ ಪಾಯ ಎತ್ತರಿಸುತ್ತಾರೆ. ಎರಡೂವರೆ ಅಡಿ ಎತ್ತರಿಸಿದರೆ ಇಳಿಜಾರು 30 ಅಡಿ ಬೇಕು. 30x40 ಸೈಟಿನ ಅಗಲವೇ 30! ತಮಾಷೆ ಅಂದರೆ, ಇಳಿಜಾರು ಇಲ್ಲದ ಮನೆಯೇ ನಮ್ಮಲ್ಲಿಲ್ಲ. ಬೈಕ್ ಹತ್ತಿಸಲು ಎಲ್ಲರೂ ಮಾಡಿಸುತ್ತಾರೆ, ಗೋಡೆ ಥರ ಕಡಿದಾಗಿ, ಟಯರ್ ಜಾರದಿರಲಿ ಅಂತ ಅಡ್ಡ ಗೆರೆ ಕೊರೆಸಿ. ಗಾಡಿಗೆ ಇಳಿಜಾರು, ಅವ್ವನಿಗೆ ಮೆಟ್ಟಿಲು.

ನಮ್ಮದು ಪುಣ್ಯಕ್ಕೆ ಒಂದೂವರೆ ಅಡಿ. ಕಾಂಪೌಂಡ್ ಪಕ್ಕದಲ್ಲಿ 18 ಅಡಿ ಉದ್ದಕ್ಕೆ ಇಳಿಜಾರು ಮಾಡಿಸಿ, ಹಿಡಿದುಕೊಳ್ಳಲು ಪೈಪ್ ಕೂರಿಸಿದೆ. ಅದನ್ನು ಮೊದಲು ಹೊಗಳಿದವನು ಗ್ಯಾಸ್ ಸಿಲಿಂಡರ್ ತರುವ ಹುಡುಗ. ಉರುಳಿಸಿಕೊಂಡು ಬಂದು, "ಅಣ್ಣ, ಈ ಬೀದೀಲಿ ನಿಮ್ಮದೊಂದೇ ಮನೆ ನೋಡಿ" ಅಂದ.

ಬಾತ್‌ರೂಮ್ ಗೋಡೆ ಒಡೆಸಿ ಬಾಗಿಲನ್ನು ಮೂರೂವರೆ ಅಡಿ ಮಾಡಿಸಿದೆ. ಹೊರಕ್ಕೆ ತೆರೆಯುವ ಬಾಗಿಲು. ಒಳಗೆ ತೆರೆಯುವುದಾದರೆ, ಒಳಗಿದ್ದವರು ಬಿದ್ದಾಗ ಅವರೇ ಬಾಗಿಲಿಗೆ ಅಡ್ಡ ಆಗುತ್ತಾರೆ. ತಿರುಗಿಸುವ ನಲ್ಲಿ ತೆಗೆಸಿ ಉದ್ದ ಹಿಡಿಯ ಲಿವರ್ ನಲ್ಲಿ ಹಾಕಿಸಿದೆ. ಮುಂಗೈಯಿಂದ ತಳ್ಳಿದರೂ ನೀರು ಬರುತ್ತದೆ. ಹಿಟ್ಟಿನ ಕೈ ತೊಳೆಯಲು ಚೆನ್ನಾಗಿದೆ ಅಂತ ಅಡುಗೆಮನೆಗೂ ನನ್ನ ಹೆಂಡತಿ ಅದನ್ನೇ ಹಾಕಿಸಿದಳು.

ಜಗಳ ಆಗಿದ್ದು ಹೊಸ್ತಿಲಿಗೆ. ಒಳಗಿನ ಬಾಗಿಲುಗಳದ್ದು ತೆಗೆಸಲು ಅವ್ವ ಒಪ್ಪಿದಳು. ಮುಂಬಾಗಿಲಿನದ್ದು ಸುತಾರಾಂ ಬೇಡ. "ಹೊಸ್ತಿಲಿಲ್ಲದ ಮನಿಗೆ ಲಕ್ಷ್ಮಿ ಯಾವ ಕಡಿಂದ ಬರ್ತಾಳೋ?" ಬಡಗಿ ಮುಂದೆಯೇ ಚೌಕಾಸಿ ನಡೆಯಿತು. ಎರಡು ಇಂಚಿನಿಂದ ಅರ್ಧ ಇಂಚಿಗೆ ಇಳಿಸಿದೆವು, ಎರಡೂ ಕಡೆ ಹೆರೆದು ಓರೆ ಮಾಡಿಸಿದೆವು. ಶುಕ್ರವಾರ ಅರಿಶಿನ ಕುಂಕುಮ ಇಡಲು ಅಷ್ಟು ಸಾಕಾಯಿತು. ಈಗ ಅವ್ವ ವಾಕರ್ ಹಿಡಿದು ಓಡಾಡುತ್ತಾಳೆ. ವೀಲ್‌ಚೇರ್ ವಾಪಸ್ ಕೊಟ್ಟಿದ್ದೇವೆ.

ಈಗ ನನ್ನ ಪ್ಲಾನ್‌ಗಳಲ್ಲಿ ಬಾತ್‌ರೂಮ್ ಬಾಗಿಲು ಮೂರೂವರೆ. ಶುರುವಿನಲ್ಲಿ ಕಾರಣ ವಿವರಿಸುತ್ತಿದ್ದೆ. ಮುಂದೆ ವಯಸ್ಸಾದಾಗ ಅಂತ ಬಾಯಿ ತೆರೆದರೆ ಸಾಕು, ಜನ ಮುಖ ಸಿಂಡರಿಸುತ್ತಿದ್ದರು. ಹೊಸ ಮನೆ ಮಾತಾಡುವಾಗ ಅಪಶಕುನ ಅಲ್ವಾ. ಮೊನ್ನೆ ಮದುವೆಯಾದ ಹೊಸ ಜೋಡಿ ಬಂದಿತ್ತು. "ಸಾರ್, ಬಾತ್‌ರೂಮ್‌ಗೆ ಇಷ್ಟು ದೊಡ್ಡ ಬಾಗಿಲು ಯಾಕೆ?" ಅಂತ ಹುಡುಗ ಕೇಳಿದ.

"ವಾಷಿಂಗ್ ಮಷಿನ್ ಒಳಗೆ ಹೋಗ್ಬೇಕಲ್ಲಪ್ಪ" ಅಂದೆ.

"ಹೌದಲ್ಲ ಸಾರ್!" ಅಂದ.