ಸರ್ವಿಸ್ ಅಳಿಸೋ ಮುಂಚೆ ಸೊನ್ನೆಗೆ ಇಳಿಸಿ

ಹಲವು ಸರ್ವರ್‌ಗಳ ಗುಂಪಿನಲ್ಲಿ ಪ್ರೋಗ್ರಾಂಗಳನ್ನು ಓಡಿಸುವ ವ್ಯವಸ್ಥೆಯಾದ ಕ್ಯೂಬರ್ನೆಟೀಸ್‌ನ ಕ್ಲಸ್ಟರ್‌ನಲ್ಲಿ ಓಡುತ್ತಿರುವ ಸರ್ವಿಸ್ ಒಂದು ಬೇಡ ಅಂತ ತೀರ್ಮಾನವಾದ ತಕ್ಷಣ ಡಿಲೀಟ್ ಕಮಾಂಡ್ ಕೊಡಬೇಡಿ. ಮೊದಲು ರೆಪ್ಲಿಕಾ ಸಂಖ್ಯೆಯನ್ನು, ಅಂದರೆ ಅದರ ಎಷ್ಟು ಪ್ರತಿಗಳು ಓಡಬೇಕು ಅನ್ನೋದನ್ನು, 0ಗೆ ಇಳಿಸಿ, ಹಾಗೇ ಬಿಡಿ. ಮೈಸೂರಿನ ಹೆಬ್ಬಾಳದ ನಮ್ಮ ಆಫೀಸಿಗೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳೋದೇ ಇದು.

ಸುಮ್ನೆ ಪಾಡ್ (ಓಡುತ್ತಿರುವ ಒಂದು ಪ್ರತಿ) ಅಳಿಸಿದರೆ ಏನೂ ಆಗಲ್ಲ. "ಸಾರ್, ಮತ್ತೆ ಬಂತು" ಅಂತಾರೆ. ಬಂದೇ ಬರುತ್ತೆ, ಎಷ್ಟು ಪ್ರತಿ ಬೇಕು ಅಂತ ಬರೆದಿಟ್ಟಿರುವ ಡಿಪ್ಲಾಯ್‌ಮೆಂಟ್ ಇರೋವರೆಗೂ ಅದರ ಕೆಳಗಿನ ರೆಪ್ಲಿಕಾಸೆಟ್ ಪಾಡ್‌ಗಳ ಲೆಕ್ಕ ಸರಿ ಮಾಡ್ತಾನೇ ಇರುತ್ತೆ. 0ಗೆ ಇಳಿಸಿದಾಗ ಪಾಡ್‌ಗಳು ಹೋಗುತ್ತವೆ, ಸೆಟ್ಟಿಂಗ್ ಎಲ್ಲ ಉಳಿಯುತ್ತೆ. ಯಾರಾದರೂ ಕೂಗಿದರೆ ಒಂದೇ ಕಮಾಂಡಿಗೆ ವಾಪಸ್.

ಎಷ್ಟು ದಿನ ಕಾಯಬೇಕು? ಅದು ಕೆಲಸದ ಮೇಲೆ ಹೋಗುತ್ತೆ. ಮಂಡ್ಯ ಕಡೆಯ ಕಬ್ಬು ಬೆಳೆಗಾರರಿಗೆ ಕಟಿಂಗ್ ಆರ್ಡರ್, ಗಾಡಿಯ ತೂಕ ಎಸ್‌ಎಂಎಸ್‌ನಲ್ಲಿ ಕಳಿಸುವ ಸರ್ವಿಸ್ ಒಂದನ್ನು ನಾವು ನೋಡಿಕೊಳ್ಳುತ್ತೇವೆ. ಕಾರ್ಖಾನೆ ನಿಂತಿರುವ ತಿಂಗಳುಗಳಲ್ಲಿ ಅದರ ಗ್ರಾಫ್ ನೋಡಿದರೆ ನೆಲಕ್ಕೆ ಅಂಟಿಕೊಂಡ ಗೆರೆ, ಯಾರಿಗೂ ಬೇಡದ್ದು ಅಂತಲೇ ಅನ್ನಿಸುತ್ತೆ. ಆದರೆ ಹಂಗಾಮು ಶುರುವಾದ ಮೇಲೆ, ನಡುರಾತ್ರಿ ಟ್ರ್ಯಾಕ್ಟರ್ ಸಾಲಿನಲ್ಲಿ ಕೂತು ಮೊಬೈಲ್ ನೋಡುತ್ತಿರುವ ರೈತನಿಗೆ ಆ ಮೆಸೇಜ್ ಬರಲೇಬೇಕು. ಅದಕ್ಕೇ ಒಂದು ವಾರದ ಟ್ರಾಫಿಕ್ ನೋಡಿ ನಿರ್ಧಾರ ಮಾಡುವುದು ನನಗೆ ಒಪ್ಪಿಗೆ ಇಲ್ಲ. ಕ್ರಾನ್‌ಜಾಬ್‌ಗಳನ್ನು (ನಿಗದಿತ ಹೊತ್ತಿಗೆ ತಾವೇ ಓಡುವ ಕೆಲಸಗಳನ್ನು) ನೋಡಿ, ಬೇರೆ ಸರ್ವಿಸ್‌ಗಳ ಕಾನ್ಫಿಗ್‌ನಲ್ಲಿ ಇದರ ಹೆಸರು ಹುಡುಕಿ, ಬಳಸುವವರನ್ನು ಕೇಳಿ.

ನಿಲ್ಲಿಸುವಾಗ ಪಾಡ್‌ಗೆ ಮೊದಲು ಸಿಗ್‌ಟರ್ಮ್, ಅಂದರೆ ಕೆಲಸ ಮುಗಿಸಿ ನಿಲ್ಲು ಅನ್ನೋ ಸೂಚನೆ, ಹೋಗುತ್ತೆ. ನೀವು ಬೇರೆ ಹೇಳದಿದ್ದರೆ 30 ಸೆಕೆಂಡ್ ಗಡುವು, ಅಷ್ಟರಲ್ಲಿ ಮುಗಿಸಿಕೊಳ್ಳದಿದ್ದರೆ ಸಿಗ್‌ಕಿಲ್, ಅಂದರೆ ಬಲವಂತದ ನಿಲುಗಡೆ. ಕೈಯಲ್ಲಿರುವ ಕೆಲಸಕ್ಕೆ ಜಾಸ್ತಿ ಹೊತ್ತು ಬೇಕಿದ್ದರೆ ಗಡುವನ್ನು ಮೊದಲೇ ಹೆಚ್ಚಿಸಿಡಿ.

ಇನ್ನು ಡಿಪ್ಲಾಯ್‌ಮೆಂಟ್ ಅಳಿಸಿದ ಮಾತ್ರಕ್ಕೆ ಎಲ್ಲ ಹೋಗಲ್ಲ. ಪಾಡ್‌ಗಳಿಗೆ ದಾರಿ ತೋರಿಸುವ, 'ಸರ್ವಿಸ್' ಅಂತಲೇ ಹೆಸರಿರುವ ಕ್ಯೂಬರ್ನೆಟೀಸ್ ಭಾಗ, ಹೊರಗಿನ ಟ್ರಾಫಿಕ್ ಒಳಬಿಡುವ ಇನ್‌ಗ್ರೆಸ್, ಸೆಟ್ಟಿಂಗ್ ಇಡುವ ಕಾನ್ಫಿಗ್‌ಮ್ಯಾಪ್, ಪಾಸ್‌ವರ್ಡ್ ಥರದ್ದು ಇಡುವ ಸೀಕ್ರೆಟ್ ಬೇರೆ ಬೇರೆಯಾಗಿಯೇ ಇರುತ್ತವೆ. ಕ್ಲೌಡ್‌ನಲ್ಲಿ ಲೋಡ್‌ಬ್ಯಾಲೆನ್ಸರ್ (ಬರುವ ಟ್ರಾಫಿಕ್ ಹಂಚುವ) ಮಾದರಿಯ ಸರ್ವಿಸ್ ಬಿಟ್ಟುಬಿಟ್ಟರೆ ಹಿಂದೆ ಒಂದೂ ಪಾಡ್ ಇಲ್ಲದಿದ್ದರೂ ಅದರ ಬಿಲ್ ಬರುತ್ತಲೇ ಇರುತ್ತೆ. ಗಿಟ್‌ನಲ್ಲಿ ಬರೆದಿಟ್ಟಂತೆಯೇ ಕ್ಲಸ್ಟರ್ ಇರುವಂತೆ ನೋಡಿಕೊಳ್ಳುವ ಆರ್ಗೋ ಸಿಡಿ ಥರದ್ದು ಆಟೋ ಸಿಂಕ್‌ನಲ್ಲಿ ಇದ್ದರೆ ಬದಲಾವಣೆಯನ್ನು ಗಿಟ್‌ನಲ್ಲೇ ಮಾಡಿ, ಇಲ್ಲಾಂದ್ರೆ ನೀವು ಕೈಯಿಂದ ತೆಗೆದದ್ದನ್ನು ಅದು ಮತ್ತೆ ತಂದು ಕೂರಿಸಬಹುದು.

ಡಿಸ್ಕ್ ಕ್ಲೇಮ್ (ಡೇಟಾ ಇಡಲು ಜಾಗ ಕೇಳುವ ಕೋರಿಕೆ) ಮುಟ್ಟುವುದು ಕಟ್ಟಕಡೆಗೆ. ಹಾಗೆ ಸಿಕ್ಕ ಜಾಗವೇ ವಾಲ್ಯೂಮ್; ಕ್ಲೇಮ್ ಹೋದ ಮೇಲೆ ಅದನ್ನು ಏನು ಮಾಡಬೇಕು ಅನ್ನೋ ರಿಕ್ಲೇಮ್ ಪಾಲಿಸಿ 'ಡಿಲೀಟ್' ಅಂತ ಇದ್ದರೆ ಕ್ಲೇಮ್ ಜೊತೆ ಡೇಟಾನೂ ಹೋಗುತ್ತೆ. ತಾನಾಗೇ ಸೃಷ್ಟಿಯಾದ ವಾಲ್ಯೂಮ್‌ಗಳಲ್ಲಿ ಸಾಮಾನ್ಯವಾಗಿ ಇರೋದೂ ಅದೇ. ಮೊದಲು ಆ ಪಾಲಿಸಿಯನ್ನು 'ರಿಟೇನ್' (ಉಳಿಸಿಕೊ) ಮಾಡಿ, ಬ್ಯಾಕಪ್ ತೆಗೆದು, ಆ ಬ್ಯಾಕಪ್‌ನಿಂದ ಡೇಟಾ ನಿಜವಾಗಿ ವಾಪಸ್ ಬರುತ್ತಾ ಅಂತ ಇನ್ನೊಂದು ಕಡೆ ಹಾಕಿ ನೋಡಿ, ಆಮೇಲೆ ಕ್ಲೇಮ್ ಅಳಿಸಿ.