300 ಗ್ರಾಂ ಒಳಗೆ

ನಮ್ಮ ಮನೆಯ ಡಿಜಿಟಲ್ ತಕ್ಕಡಿ ಇರುವುದು ಮಂಚದ ಪಕ್ಕ. ಕೇಕ್ ಮಾಡ್ತೀನಿ ಅಂತ ಮಗಳು ತರಿಸಿದ್ದು. ಅವಳು ಕೇಕ್ ಮಾಡಿದ್ದು ಎರಡು ಸಲ. ಆಮೇಲೆ ಅದು ನನ್ನ ಪಾಲಿಗೆ ಬಂತು.

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಕೂತು ನಾನೇ ಬರೆದು, ನಾನೇ ಪ್ರಕಟಿಸಿ, ನಾನೇ ಕಟ್ಟಿ ಕಳಿಸಲು ಶುರುಮಾಡಿ ಆರು ವರ್ಷವಾಯಿತು. ಒಟ್ಟು ನಾಲ್ಕು ಪುಸ್ತಕ, ಎರಡು ನನ್ನವು, ಎರಡು ಗೆಳತಿಯರದ್ದು. ಮಂಚದ ಕೆಳಗೇ ಗೋದಾಮು. ಮಳೆಗಾಲದಲ್ಲಿ ನೆಲ ಬೆವರುತ್ತದೆ ಅಂತ ಇಟ್ಟಿಗೆ ಮೇಲೆ ಹಲಗೆ, ಹಲಗೆ ಮೇಲೆ ಬಂಡಲ್ಲು. ಯಾರಾದರೂ ಫೋನ್ ಮಾಡಿ "ಪ್ರಕಾಶನ ಸಂಸ್ಥೆನಾ?" ಅಂದರೆ ನಮ್ಮವರು ನಗು ತಡೆದುಕೊಂಡು ನನಗೆ ಕೊಡುತ್ತಾರೆ.

ಅಂಗಡಿಗೆ ಕೊಟ್ಟರೆ ಶೇ 40 ಕಮಿಷನ್. ಉಳಿದ ದುಡ್ಡು ಬರುವುದು ಅವರಿಗೆ ನೆನಪಾದಾಗ. ಹಾಗಾಗಿ ನನ್ನ ಓದುಗರಲ್ಲಿ ಹೆಚ್ಚಿನವರು ವಾಟ್ಸಾಪ್‌ನಲ್ಲಿ ಕೇಳಿ, ಯುಪಿಐ ಮಾಡಿ, ಅಂಚೆಯಲ್ಲಿ ತರಿಸಿಕೊಳ್ಳುವವರು. 2024ರ ಡಿಸೆಂಬರ್ 18ಕ್ಕೆ, ಪುಸ್ತಕವನ್ನು ಕಡಿಮೆ ದರದಲ್ಲಿ ಕಳಿಸುವ ಅಂಚೆಯವರ ಬುಕ್ ಪೋಸ್ಟ್ ನಿಂತಿತು. ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಎರಡೇ ದಿನ. ಎಲ್ಲರೂ ಮಳಿಗೆಗೆ ಪೆಟ್ಟಿಗೆ ಕಟ್ಟುವ ಗಡಿಬಿಡಿಯಲ್ಲಿದ್ದೆವು. ಪೆಟ್ಟು ಗೊತ್ತಾಗಿದ್ದು ವಾಪಸ್ ಬಂದ ಮೇಲೆ. ನಾಲ್ಕು ತಿಂಗಳು ಪುಸ್ತಕದ ಲಾಭವೆಲ್ಲ ಪಾರ್ಸೆಲ್ಲಿಗೇ ಹೋಯಿತು. ಹಿಂದೆ ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದ್ದರಲ್ಲ, ಆ ಗಂಟು ಎಷ್ಟು ಭಾರ ಇದ್ದೀತು ಅಂತ ಆಗ ಯೋಚಿಸಿದ್ದೆ.

2025ರ ಮೇ 1ರಿಂದ ಪುಸ್ತಕಗಳಿಗೆ ಅಂಚೆಯವರ ಹೊಸ ಅಗ್ಗದ ಸೇವೆ, ಜ್ಞಾನ ಪೋಸ್ಟ್ ಬಂತು. 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100, ತೆರಿಗೆ ಬೇರೆ. ಪುಸ್ತಕದಲ್ಲಿ ಪ್ರಕಾಶಕರದ್ದೋ ಮುದ್ರಕರದ್ದೋ ಹೆಸರಿರಬೇಕು, ಜಾಹೀರಾತು ಇರಬಾರದು. ನನ್ನ ಪುಸ್ತಕಕ್ಕೆ ಜಾಹೀರಾತು ಕೊಡುವವರು ಯಾರು, ಆ ಚಿಂತೆ ಇಲ್ಲ. ಆದರೆ 300 ಅನ್ನುವ ಸಂಖ್ಯೆ ತಲೆಯೊಳಗೆ ಹೊಕ್ಕು ಕೂತಿತು.

ಆಗ ನನ್ನ ಎರಡನೇ ಕಥಾಸಂಕಲನ ಡಿಟಿಪಿಯಲ್ಲಿತ್ತು. ಡೆಮಿ 1/8 ಆಕಾರ, 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಕಾಗದ, 224 ಪುಟ. ಒಂದು ದೊಡ್ಡ ಹಾಳೆಯಲ್ಲಿ ಅಚ್ಚಾಗುವ 16 ಪುಟಕ್ಕೆ ಒಂದು ಫಾರ್ಮು, ಅಂದರೆ 14 ಫಾರ್ಮು. ಪ್ರೆಸ್ಸಿನವರು ಅಷ್ಟೇ ಪುಟದ ಖಾಲಿ ಡಮ್ಮಿ ಕಟ್ಟಿ ಕಳಿಸಿದ್ದರು. ತೂಗಿದೆ. 291. ಕವರು, ಟೇಪು ಸೇರಿ 311.

ಅವತ್ತು ರಾತ್ರಿ ನನ್ನೊಳಗಿನ ಲೇಖಕಿಗೂ ಪ್ರಕಾಶಕಿಗೂ ಜಗಳ. ಒಂದು ಫಾರ್ಮ್ ತೆಗಿ ಅಂತ ಪ್ರಕಾಶಕಿ. 70 ಜಿಎಸ್‌ಎಂ ಹಾಕು ಅಂತ ಲೇಖಕಿ. ತೆಳು ಕಾಗದ ಹಾಕಿದರೆ ಹಿಂದಿನ ಪುಟದ ಅಕ್ಷರ ಇತ್ತ ಕಡೆ ಮೂಡುತ್ತದೆ, ನನಗಾಗುವುದಿಲ್ಲ. ಅಂಚೆಯಲ್ಲಿ ಉಳಿಯುವುದು ಚಿಲ್ಲರೆ ಕಾಸು, ನಿಜ. ಆದರೆ 500 ಪ್ರತಿಗೆ ಒಂದು ಫಾರ್ಮ್ ಕಮ್ಮಿಯಾದರೆ ಒಂದು ರೀಮು, ಅಂದರೆ 500 ಹಾಳೆ ಕಾಗದ ಉಳಿಯುತ್ತದೆ. ಪ್ಲೇಟು, ಮಡಿಕೆ, ಹೊಲಿಗೆಯ ಖರ್ಚೂ ಅಷ್ಟು ಇಳಿಯುತ್ತದೆ.

ತೆಗೆಯುವುದು ಯಾವುದನ್ನು? ಶರಾವತಿ ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚ್ ಬಗ್ಗೆ ಒಂದು ಕಥೆ ಇತ್ತು, ಸರಿಯಾಗಿ 16 ಪುಟ. ಸಿಗಂದೂರಿಗೆ ಹೋಗಲು ವಾಹನಗಳ ಸಾಲಿನಲ್ಲಿ ಕಾಯುತ್ತ ಕೂತ ಒಂದು ಕುಟುಂಬದ ಕಥೆ. ಅದೇ ವರ್ಷ ಜುಲೈ 14ಕ್ಕೆ ಅಲ್ಲಿ ಸೇತುವೆ ಉದ್ಘಾಟನೆ ಆಯಿತು. ಸೇತುವೆಯೇ ಬಂತಲ್ಲ, ಇನ್ನು ಲಾಂಚ್ ಕಥೆ ಯಾಕೆ ಅಂದಳು ಪ್ರಕಾಶಕಿ. ಅದಕ್ಕೇ ಬೇಕು ಅಂದಳು ಲೇಖಕಿ. ಈ ಸಲ ಲೇಖಕಿಯೇ ಗೆದ್ದಳು. ಮುನ್ನುಡಿ ಒಂಬತ್ತು ಪುಟ ಇತ್ತು. ಬರೆದವರು ಹಿರಿಯರು, ನಾಲ್ಕು ತಿಂಗಳು ಕಾಯಿಸಿ ಕೊಟ್ಟಿದ್ದರು. ಅದನ್ನು ಮುಟ್ಟುವ ಧೈರ್ಯ ಯಾರಿಗಿದೆ? ಕೊನೆಗೆ ಆರು ಪುಟದ 'ನನ್ನ ಮಾತು' ಹಾರಿತು. ಹತ್ತು ಪುಟದ ಇನ್ನೊಂದು ಕಥೆಯೂ ಹಾರಿತು. ಆ ಕಥೆ ಹೋಗಿದ್ದಕ್ಕೆ ಬೇಜಾರೇ ಆಗಲಿಲ್ಲ. ಅದು ಅಷ್ಟು ದಿನ ಯಾಕೆ ಅಲ್ಲಿತ್ತು ಅಂತಲೇ ಅರ್ಥವಾಗಲಿಲ್ಲ.

ಪುಟ ಮತ್ತೆ ಕಟ್ಟಬೇಕಾಯಿತು. ಡಿಟಿಪಿಯವರದ್ದು ಹಳೆಯ ನುಡಿ ಫಾಂಟು, ನನ್ನದು ಯೂನಿಕೋಡ್. ತಿದ್ದಿದ ಕಥೆ ಇನ್ನೊಮ್ಮೆ ಕನ್ವರ್ಟ್ ಆಗಿ ಬಂದಾಗ 'ಲಾಂಚ್‌ನಲ್ಲಿ' ಇದ್ದ ಕಡೆಯೆಲ್ಲ 'ಲಾಂಚ್ನಲ್ಲಿ' ಆಗಿತ್ತು. ಚಕಾರದ ಕಾಲಿಗೆ ನಕಾರ ನೇತುಬಿದ್ದಿತ್ತು. 23 ಕಡೆ. ಕೆಂಪು ಪೆನ್ನು ಹಿಡಿದು ಒಂದೊಂದಾಗಿ ಬಿಡಿಸಿದೆ. ಆದರೂ 24ನೆಯದು ಅಚ್ಚಾಗಿದೆ, ಯಾವ ಪುಟ ಅಂತ ಹೇಳಲ್ಲ.

ಆಗಸ್ಟ್ ಕೊನೆಗೆ ಬೆಂಗಳೂರಿಂದ ಬಸ್ಸಿನಲ್ಲಿ ಬಂಡಲ್ಲು ಬಂತು. 208 ಪುಟ. ಪ್ಯಾಕ್ ಮಾಡಿ ತೂಗಿದೆ, 292. ಖುಷಿಯಿಂದ ಎಲ್ಲರಿಗೂ ಒಂದೊಂದು ಹೋಳಿಗೆ ಜಾಸ್ತಿ ಬಡಿಸಿದೆ.

ಹತ್ತು ದಿನ ಬಿಟ್ಟು ಇನ್ನಷ್ಟು ಪ್ರತಿ ಕಟ್ಟಿಕೊಂಡು ಅಂಚೆ ಕಚೇರಿಗೆ ಹೋದೆ. ಈ ಸಲ ಮನೆಯಲ್ಲಿ ತೂಗಿರಲಿಲ್ಲ. ಕೌಂಟರಿನ ಹುಡುಗಿ ತಕ್ಕಡಿ ನೋಡಿ, "ಅಕ್ಕಾ, 302" ಅಂದಳು. ಸಾಧ್ಯವೇ ಇಲ್ಲ ಅಂದೆ. ಇನ್ನೊಂದು ಇಟ್ಟಳು. 303. "ಮಳೆ ಅಲ್ವಾ ಅಕ್ಕಾ, ನಮ್ಮ ಮನೆ ಹಪ್ಪಳಾನೂ ಹಿಂಗೇ ಮೆತ್ತಗಾಗಿದೆ" ಅಂತ ನಕ್ಕಳು. ಕಾಗದ ತೇವ ಕುಡಿದಿತ್ತು. ಹದಿನಾಲ್ಕನೇ ಫಾರ್ಮ್ ಕಿತ್ತು ಹಾಕಿದ ನನಗೆ ಸಾಗರದ ಗಾಳಿ ಲೆಕ್ಕಕ್ಕೇ ಬಂದಿರಲಿಲ್ಲ.

ಹನ್ನೆರಡು ಪ್ಯಾಕೆಟ್ಟೂ ವಾಪಸ್ ತಂದು, ಬಿಚ್ಚಿ, ಪುಸ್ತಕಗಳನ್ನು ಬಚ್ಚಲೊಲೆ ಪಕ್ಕದ ಅಟ್ಟದ ಮೇಲೆ ಜೋಡಿಸಿದೆ. ಅತ್ತೆ ಅಲ್ಲಿ ಒಣಗಲು ಹಾಕಿದ್ದ ಕೊಬ್ಬರಿಯನ್ನು ಗೊಣಗುತ್ತಲೇ ಆಚೆ ಸರಿಸಿದರು. ಮೂರು ದಿನಕ್ಕೆ 297ಕ್ಕೆ ಇಳಿಯಿತು. ಮಳೆ ಪೂರ್ತಿ ನಿಲ್ಲುವ ತನಕ ಅದೇ ಏರ್ಪಾಡು.

ಬಳ್ಳಾರಿಯಿಂದ ಒಬ್ಬರು ಮೆಸೇಜ್ ಹಾಕಿದ್ದರು. ಪುಸ್ತಕ ಬಂತು, ಲಾಂಚ್ ಕಥೆ ಓದಿದೆ, ಚೆನ್ನಾಗಿದೆ, ಆದರೆ ಪುಟ ತೆಗೆದರೆ ಹೊಗೆ ವಾಸನೆ ಬರುತ್ತದೆ, ನಿಮ್ಮ ಕಡೆ ಎಲ್ಲ ಕ್ಷೇಮ ತಾನೆ ಅಂತ.